ಸುಣ್ಣ ಒಲ್ಲದ ಕೇಪಳ: ಗೋಡೆ ಬುಡದ ಪಾತಿಯನ್ನು ಕಿತ್ತು ಕಟ್ಟಿದ ಬಗೆ

ಜಾಗ ಬೆಂಗಳೂರು. ಕಾಂಪೌಂಡ್ ಗೋಡೆಗೆ ಅಂಟಿಕೊಂಡ ಪಾತಿ, 6 ಮೀಟರ್ ಉದ್ದ, 60 ಸೆಂ.ಮೀ. ಅಗಲ. ಅದರಲ್ಲಿ ಹತ್ತು ಕೇಪಳ, ಗೇಟಿನ ಕಡೆಗೆ ಎರಡು ಗಂಧರಾಜ. ನೀರು ಬೋರ್‌ವೆಲ್ಲಿನದು. ಹನ್ನೆರಡೂ ಗಿಡಗಳ ಚಿಗುರು ಹಳದಿ. ಗೇಟಿನ ಕಡೆಯ ಗಂಧರಾಜದಲ್ಲಿ ತುದಿ ಎಲೆಗಳು ಹಳದಿಯನ್ನೂ ದಾಟಿ ಬಿಳಿಚಿ, ಅಂಚು ಕಂದಿ ಸುಟ್ಟಂತಾಗಿದ್ದವು.

ಕೇಪಳ ಮೂಲತಃ ಕರಾವಳಿ ಮಲೆನಾಡಿನ ಗುಡ್ಡದ ಗಿಡ. ಮುರಕಲ್ಲಿನ ಸಂದಿಯಲ್ಲಿ, ಮಳೆನೀರಿನಲ್ಲಿ ತೊಳೆದುಹೋಗಿ ಹುಳಿಯಾದ ಮಣ್ಣಿನಲ್ಲಿ, ಯಾರ ಆರೈಕೆಯೂ ಇಲ್ಲದೆ ಕೆಂಪಗೆ ಹೂ ಬಿಡುತ್ತದೆ. ಅದಕ್ಕೆ ಬೇಕಾದ ಪಿಎಚ್ (ಹುಳಿ-ಕ್ಷಾರದ ಅಳತೆ; 7ಕ್ಕಿಂತ ಇಳಿದಷ್ಟೂ ಹುಳಿ, ಏರಿದಷ್ಟೂ ಕ್ಷಾರ) 5ರಿಂದ 6. ನರ್ಸರಿಯಲ್ಲಿ ಇಕ್ಸೋರಾ ಎಂದು ಸಿಗುವ ಕುಳ್ಳ ತಳಿಗಳಿಗೂ ಅಷ್ಟೇ. ಗಂಧರಾಜ, ಕೆಮೆಲಿಯಾ, ಅಝೇಲಿಯಾ, ಬ್ಲೂಬೆರಿ, ಚಹಾ ಎಲ್ಲವೂ ಇದೇ ಪಂಗಡಕ್ಕೆ ಸೇರಿದವು. ಬ್ಲೂಬೆರಿ ಮತ್ತು ಚಹಾ ಇನ್ನೂ ಹುಳಿ, 4.5ರಿಂದ 5.5 ಕೇಳುತ್ತವೆ. ಇವಕ್ಕೆ ಸುಣ್ಣ ಆಗಿಬರುವುದಿಲ್ಲ. ಕರಾವಳಿಯ ಅಡಿಕೆ ತೋಟಕ್ಕೆ ಸುಣ್ಣ ಹಾಕುವುದು ಸರಿಯೇ, ಅಲ್ಲಿನ ಮಣ್ಣು ವಿಪರೀತ ಹುಳಿ. ಆ ಸಲಹೆಯನ್ನು ಹೊತ್ತು ತಂದು ಬೆಂಗಳೂರಿನ ಕೇಪಳದ ಬುಡಕ್ಕೆ ಸುರಿಯಬಾರದು.

ಮೊದಲು ರೋಗ ಯಾವುದೆಂದು ನೋಡಿದ್ದು

ಹಳದಿ ಎಲ್ಲಿಂದ ಶುರುವಾಗಿದೆ ಎಂಬುದೇ ಮುಖ್ಯ. ಬುಡದ ಹಳೆ ಎಲೆ ಪೂರ್ತಿ ಹಳದಿಯಾದರೆ ಸಾರಜನಕ ಸಾಲದು. ಹಳೆ ಎಲೆಯಲ್ಲೇ ನರದ ನಡುವೆ ಹಳದಿಯಾದರೆ ಮೆಗ್ನೀಸಿಯಂ. ಹೊಸ ಚಿಗುರಿನಲ್ಲಿ, ನರಗಳು ಹಸಿರು ಗೆರೆ ಎಳೆದಂತೆ ಉಳಿದು ನಡುವಿನ ಭಾಗ ಮಾತ್ರ ಹಳದಿಯಾದರೆ ಕಬ್ಬಿಣ ಸಿಗುತ್ತಿಲ್ಲ. ಈ ಪಾತಿಯದು ಮೂರನೆಯದು, ಅನುಮಾನಕ್ಕೆ ಎಡೆಯೇ ಇಲ್ಲದಷ್ಟು ಸ್ಪಷ್ಟ. ಸಿಗುತ್ತಿಲ್ಲ ಎಂದರೆ ಮಣ್ಣಿನಲ್ಲಿ ಇಲ್ಲ ಎಂದಲ್ಲ. ಬೆಂಗಳೂರಿನ ಕೆಮ್ಮಣ್ಣಿನ ಕೆಂಪೇ ಕಬ್ಬಿಣದ ಬಣ್ಣ. ಪಿಎಚ್ ಒಂದು ಅಂಕ ಏರಿದರೆ ಮಣ್ಣಿನ ನೀರಿನಲ್ಲಿ ಕರಗಿರುವ ಫೆರಿಕ್ ಕಬ್ಬಿಣ ಸಾವಿರ ಪಟ್ಟು ಇಳಿಯುತ್ತದೆ. ಗಿಡ ಸುಮ್ಮನಿರುವುದಿಲ್ಲ, ಬೇರಿನ ತುದಿಯಿಂದ ಆಮ್ಲ ಬಿಟ್ಟು ಕಬ್ಬಿಣ ಕರಗಿಸಿಕೊಳ್ಳಲು ನೋಡುತ್ತದೆ. ನೀರಿನಲ್ಲಿ ಕರಗಿರುವ ಕ್ಷಾರ, ಅಂದರೆ ಬೈಕಾರ್ಬೊನೇಟು, ಆ ಆಮ್ಲವನ್ನು ಅಲ್ಲೇ ಕೊಂದುಬಿಡುತ್ತದೆ. ಹಾಗಾಗಿ ಕಬ್ಬಿಣ ಸುರಿಯುವ ಮೊದಲು ಪಿಎಚ್ ಏರಿಸುವ ಸುಣ್ಣ ಎಲ್ಲಿಂದ ಬರುತ್ತಿದೆ ಎಂದು ಹುಡುಕಬೇಕು.

ಮಣ್ಣಿನ ಪರೀಕ್ಷೆಗೆ 20 ಗ್ರಾಂ ಒಣಮಣ್ಣು, 50 ಮಿ.ಲೀ. ಡಿಸ್ಟಿಲ್ಡ್ ನೀರು. ಚೆನ್ನಾಗಿ ಕಲಕಿ, ಅರ್ಧ ಗಂಟೆ ಬಿಟ್ಟು, ಮತ್ತೆ ಕಲಕಿ ಪೆನ್ ಮೀಟರ್ ಅದ್ದಬೇಕು. ಮೀಟರನ್ನು ಅದಕ್ಕೂ ಮುಂಚೆ 4 ಮತ್ತು 7ರ ಬಫರಿನಲ್ಲಿ ಹೊಂದಿಸಿರಬೇಕು. ಮಣ್ಣಿಗೆ ಚುಚ್ಚುವ ಎರಡು ಕಡ್ಡಿಯ ಅಗ್ಗದ ಮೀಟರನ್ನು ನಂಬಿ ಕೆಲಸಕ್ಕೆ ಇಳಿಯಬೇಡಿ, ಅದು ತೇವಕ್ಕೆ ತಕ್ಕಂತೆ ಅಂಕೆ ತೋರಿಸುತ್ತದೆ. ಪಾತಿಯ ಮಣ್ಣು 8.2 ಬಂತು. ಅದೇ ಸೈಟಿನಲ್ಲಿ ಗೋಡೆಯಿಂದ ದೂರದ ಕೆಮ್ಮಣ್ಣು 6.4.

ಎರಡನೆಯದು ಬುರುಗು ಪರೀಕ್ಷೆ. ಒಣಮಣ್ಣಿನ ಚಿಟಿಕೆಯ ಮೇಲೆ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಸಿಡ್, ಶೇ. 10ರಷ್ಟರದು, ಎರಡು ಹನಿ. ಕೈಗೆ ಗ್ಲೋವ್ಸ್ ಇರಲಿ. ದೂರದ ಕೆಮ್ಮಣ್ಣು ಸದ್ದಿಲ್ಲದೆ ಹೀರಿಕೊಂಡಿತು. ಪಾತಿಯ ಮಣ್ಣು ಸೊರ್ರೆಂದು ನೊರೆ ಉಕ್ಕಿಸಿತು. ಹೀಗೆ ಉಕ್ಕಿದರೆ ಅದರಲ್ಲಿ ಬಿಡಿ ಸುಣ್ಣ ಇದೆ ಎಂದರ್ಥ. ಆ ಸುಣ್ಣ ತೀರುವ ತನಕ ಪಿಎಚ್ ಇಳಿಯದು.

ಇಲ್ಲೇ ಒಂದು ಲೆಕ್ಕ ಹಾಕಿಬಿಡುವುದು ಒಳ್ಳೆಯದು. 32 ಗ್ರಾಂ ಗಂಧಕ ಪೂರ್ತಿ ಆಮ್ಲವಾದರೆ 100 ಗ್ರಾಂ ಸುಣ್ಣದ ಕಾರ್ಬೊನೇಟನ್ನು ತಿನ್ನುತ್ತದೆ. 50 ಕೆಜಿ ಮಣ್ಣಿನ ಒಂದು ಗುಂಡಿಯಲ್ಲಿ ಶೇ. 1 ಸುಣ್ಣ ಇದ್ದರೆ ಅದು 500 ಗ್ರಾಂ, ಬೇಕಾದ ಗಂಧಕ 160 ಗ್ರಾಂ. ಶೇ. 5 ಇದ್ದರೆ 800 ಗ್ರಾಂ ಗಂಧಕ ಒಂದೇ ಗಿಡದ ಬುಡಕ್ಕೆ, ಕೊನೆಗೆ ಆ ಗುಂಡಿಯಲ್ಲಿ ನಾಲ್ಕು ಕೆಜಿ ಮೀರಿ ಜಿಪ್ಸಂ ಉಳಿಯುತ್ತದೆ. ಆ ಹಂತದಲ್ಲಿ ಮಣ್ಣು ತಿದ್ದುವುದು ಕೆಲಸವೇ ಅಲ್ಲ, ಮಣ್ಣು ತೆಗೆಯುವುದೇ ಕೆಲಸ. ವಿಜಯಪುರ, ಕಲಬುರಗಿ ಕಡೆಯ ಸುಣ್ಣದ ಹರಳಿರುವ ಎರೆಮಣ್ಣಿನಲ್ಲಿ ಇದೇ ಕಾರಣಕ್ಕೆ ಕೇಪಳವನ್ನು ನೆಲಕ್ಕೆ ಹಾಕದೆ ದೊಡ್ಡ ಕುಂಡದಲ್ಲಿ ಬೆಳೆಸುವುದು ಲೇಸು.

ನೀರು

ನೀರಿನ ಪಿಎಚ್ 7.4 ಎಂದು ಬಂತು. ಈ ಅಂಕೆ ನೋಡಿ ಸಮಾಧಾನಪಟ್ಟುಕೊಳ್ಳುವವರೇ ಹೆಚ್ಚು, ಆದರೆ ಗಿಡಕ್ಕೆ ಲೆಕ್ಕಕ್ಕೆ ಬರುವುದು ಅಲ್ಕಲಿನಿಟಿ, ಅಂದರೆ ಆಮ್ಲವನ್ನು ಕೊಲ್ಲುವ ನೀರಿನ ಶಕ್ತಿ. ಅದನ್ನು ಅಳೆಯಲು ಅಕ್ವೇರಿಯಂ ಅಂಗಡಿಯ ಕೆಎಚ್ (ಕಾರ್ಬೊನೇಟ್ ಗಡಸುತನ) ಹನಿ ಕಿಟ್ ಸಾಕು: 5 ಮಿ.ಲೀ. ನೀರಿಗೆ ಬಣ್ಣ ತಿರುಗುವ ತನಕ ಹನಿ ಎಣಿಸಬೇಕು, ಒಂದು ಹನಿ ಎಂದರೆ ಸುಣ್ಣದ ಕಾರ್ಬೊನೇಟಿನ ಲೆಕ್ಕದಲ್ಲಿ ಲೀಟರಿಗೆ ಸುಮಾರು 18 ಮಿ.ಗ್ರಾಂ. ಇಲ್ಲಿ ಇಪ್ಪತ್ತನೆಯ ಹನಿಗೆ ತಿರುಗಿತು, ಅಂದರೆ 360.

ಗಿಡಕ್ಕೆ ದಿನಕ್ಕೆ 4 ಲೀಟರಿನಂತೆ ವರ್ಷದಲ್ಲಿ 300 ದಿನ ಈ ನೀರು ಬಿಟ್ಟರೆ ಬುಡಕ್ಕೆ ಬೀಳುವುದು 430 ಗ್ರಾಂ ಸುಣ್ಣಕ್ಕೆ ಸಮನಾದ ಕ್ಷಾರ. ಅದನ್ನು ತಿನ್ನಲು ವರ್ಷಕ್ಕೆ ಗಿಡವೊಂದಕ್ಕೆ ಸುಮಾರು 140 ಗ್ರಾಂ ಗಂಧಕ ಬೇಕು. ಅಂದರೆ ಮಣ್ಣು ಬದಲಿಸಿ ನೀರು ಹಾಗೇ ಬಿಟ್ಟರೆ ಪಾತಿ ಮತ್ತೆ ಹಳೆಯ ದಾರಿಯನ್ನೇ ಹಿಡಿಯುತ್ತದೆ. ಇಷ್ಟು ಗೊತ್ತಾದ ಮೇಲೆ ನೀರಿನ ವ್ಯವಸ್ಥೆಗೆ ಹೆಚ್ಚು ದುಡ್ಡು, ಮಣ್ಣಿಗೆ ಕಡಿಮೆ ಎಂದು ಹಂಚಿಕೊಂಡದ್ದಾಯಿತು.

ಮೊದಲ ಆಯ್ಕೆ ಮಳೆನೀರು. ಒಂದು ಚದರ ಮೀಟರ್ ಸೂರಿನ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್. ಕಾರು ನಿಲ್ಲುವ ಕಡೆಯ 12 ಚದರ ಮೀಟರ್ ಶೀಟಿನಿಂದ 25 ಮಿ.ಮೀ.ನ ಒಂದು ಒಳ್ಳೆ ಮಳೆಗೆ, ಸೋರಿದ್ದು ಹೋಗಿ, 240 ಲೀಟರ್ ಸಿಗುತ್ತದೆ. 250 ಲೀಟರಿನ ಎರಡು ನೀಲಿ ಪ್ಲಾಸ್ಟಿಕ್ ಡ್ರಮ್, 90 ಮಿ.ಮೀ. ಪೈಪು, ಮೊದಲ ಕೊಳೆನೀರು ಹೊರಹೋಗಲು ಕೆಳಗೆ ಮುಚ್ಚಳವಿರುವ ಒಂದು ತುಂಡು ಪೈಪು, ಸೊಳ್ಳೆ ಬಾರದಂತೆ ಬಾಯಿಗೆ ಬಲೆ. ಸಿಮೆಂಟಿನ ಸಂಪು ಬೇಡ, ಅದರಲ್ಲೂ ಹೊಸದು ಬೇಡವೇ ಬೇಡ. ಹೊಸ ಸಿಮೆಂಟಿನ ಒಳನೀರಿನ ಪಿಎಚ್ 12 ದಾಟಿರುತ್ತದೆ, ಮಳೆನೀರಿಗೆ ಅದನ್ನು ತಡೆಯುವ ಶಕ್ತಿ ಇಲ್ಲ.

ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಸುಣ್ಣವೂ ಇಲ್ಲ, ಉಪ್ಪೂ ಇಲ್ಲವೆನ್ನುವಷ್ಟು ಕಡಿಮೆ. ಆ ಪೈಪನ್ನೂ ಡ್ರಮ್ಮಿಗೆ ತಿರುಗಿಸಬಹುದು. ಆರ್‌ಓ ಯಂತ್ರ ಹೊರಚೆಲ್ಲುವ ನೀರು ಇದಕ್ಕೆ ತದ್ವಿರುದ್ಧ: ಬೋರ್ ನೀರಿನ ಸುಣ್ಣವೆಲ್ಲ ಅದರಲ್ಲಿ ದಟ್ಟವಾಗಿರುತ್ತದೆ. ವ್ಯರ್ಥವಾಗದಿರಲಿ ಎಂದು ಅದನ್ನು ಗಿಡಕ್ಕೆ ಬಿಡುವ ಮನೆಗಳಲ್ಲಿ ಕೇಪಳ ಬೇಗ ಹಳದಿಯಾಗುತ್ತದೆ. ಸಾಫ್ಟ್‌ನರ್ ನೀರೂ ಆಗದು, ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಇಡುತ್ತದೆಯೇ ಹೊರತು ಬೈಕಾರ್ಬೊನೇಟನ್ನು ಮುಟ್ಟುವುದೇ ಇಲ್ಲ.

ಹನ್ನೆರಡು ಗಿಡಕ್ಕೆ ದಿನಕ್ಕೆ 48 ಲೀಟರ್ ಎಂದರೆ ಎರಡು ಡ್ರಮ್ ಹತ್ತು ದಿನಕ್ಕೆ ಖಾಲಿ. ಡಿಸೆಂಬರಿನಿಂದ ಏಪ್ರಿಲ್ ತನಕ ಬೋರ್ ನೀರೇ ಗತಿ, ಅದನ್ನು ಆಮ್ಲ ಹಾಕಿ ಹದಗೊಳಿಸಬೇಕು. 360 ಇರುವುದನ್ನು 60ಕ್ಕೆ ಇಳಿಸಲು 200 ಲೀಟರಿಗೆ ಹೊಸ ಬ್ಯಾಟರಿ ಆಸಿಡ್, 1.25 ಸಾಂದ್ರತೆಯದು, ಸುಮಾರು 140 ಮಿ.ಲೀ. ಹಳೆ ಬ್ಯಾಟರಿಯಿಂದ ಸುರಿದದ್ದು ಕೂಡದು, ಅದರಲ್ಲಿ ಸೀಸ ಇರುತ್ತದೆ. ಕನ್ನಡಕ, ರಬ್ಬರ್ ಗ್ಲೋವ್ಸ್, ಪ್ಲಾಸ್ಟಿಕ್ ಅಳತೆ ಲೋಟ. ಡ್ರಮ್ ತುಂಬಿದ ಮೇಲೆ ನೀರಿಗೆ ಆಸಿಡ್ ನಿಧಾನವಾಗಿ ಬಿಡಬೇಕು. ಆಸಿಡ್ಡಿಗೆ ನೀರು ಎಂದಿಗೂ ಇಲ್ಲ. ಉದ್ದದ ಪಿವಿಸಿ ಪೈಪಿನಿಂದ ಕಲಕಿ, ಇಂಗಾಲದ ಡೈಆಕ್ಸೈಡ್ ಹೊರಹೋಗಲು ರಾತ್ರಿಯಿಡೀ ಬಾಯಿ ತೆರೆದಿಡಿ. ಬೆಳಗ್ಗೆ ಕೆಎಚ್ ಮೂರು ನಾಲ್ಕು ಹನಿಗೆ ತಿರುಗಿದರೆ ಸರಿ. ಮೊದಲ ಹನಿಗೇ ತಿರುಗಿದರೆ ಆಮ್ಲ ಹೆಚ್ಚಾಗಿದೆ, ಒಂದೆರಡು ಬಕೆಟ್ ಬೋರ್ ನೀರು ಬೆರೆಸಬೇಕು. ಮಕ್ಕಳು ಓಡಾಡುವ ಮನೆಯಾದರೆ ಡ್ರಮ್ಮಿಗೂ ಆಸಿಡ್ ಕ್ಯಾನಿಗೂ ಬೀಗ ಇರಲೇಬೇಕು.

ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಸುರಕ್ಷಿತವಲ್ಲವೇ, ಅದನ್ನೇ ಹಾಕಬಾರದೇ ಎಂದು ಕೇಳುವವರುಂಟು. ಡ್ರಮ್ಮಿನಲ್ಲಿ ಅದು ಕೆಲಸ ಮಾಡುತ್ತದೆ, ಮಣ್ಣಿಗೆ ಹೋದ ಮೇಲೆ ಸೂಕ್ಷ್ಮಜೀವಿಗಳು ಸಿಟ್ರೇಟನ್ನು ತಿಂದು ಮತ್ತೆ ಬೈಕಾರ್ಬೊನೇಟನ್ನೇ ಬಿಡುತ್ತವೆ. ಎಲೆಗೆ ಸಿಂಪಡಿಸುವ ದ್ರಾವಣಕ್ಕೆ ಅದು ಸರಿ, ದಿನದ ನೀರಾವರಿಗೆ ಅಲ್ಲ. ಹುಣಸೆಹುಳಿ, ವಿನೆಗರ್ ಇವಕ್ಕೂ ಇದೇ ಮಾತು.

ಕಿತ್ತದ್ದು

ಜೂನ್ ಮಳೆ ಹಿಡಿದ ಮೇಲೆ ಇಂಥ ಕೆಲಸಕ್ಕೆ ಕೈಹಾಕಬೇಕು, ಬೇಸಿಗೆಯಲ್ಲಿ ಕಿತ್ತ ಕೇಪಳ ತಡೆಯುವುದಿಲ್ಲ. ರೆಂಬೆಗಳನ್ನು ಮೂರನೇ ಒಂದು ಭಾಗ ಕತ್ತರಿಸಿ, ಬುಡದ ಸುತ್ತ 30 ಸೆಂ.ಮೀ. ಬೇರುಗಡ್ಡೆ ಉಳಿಯುವಂತೆ ಹಾರೆ ಹಾಕಿ ಎತ್ತಿದ್ದಾಯಿತು. ಗಡ್ಡೆಯ ಹೊರಗಿನ ಮೂರು ನಾಲ್ಕು ಸೆಂ.ಮೀ. ಮಣ್ಣನ್ನು ಕಡ್ಡಿಯಿಂದ ಕೆರೆದು ಉದುರಿಸಿ ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಿಗೆ. ಬೇರನ್ನು ಪೂರ್ತಿ ತೊಳೆದು ಬೆತ್ತಲೆ ಮಾಡುವುದು ಬೇಡ, ಸಣ್ಣ ಬೇರುಗಳು ಹರಿದರೆ ಚೇತರಿಕೆ ತಿಂಗಳುಗಟ್ಟಲೆ ಹಿಂದೆ ಬೀಳುತ್ತದೆ.

45 ಸೆಂ.ಮೀ. ಆಳ ತೋಡಿದಾಗ ಸುಣ್ಣದ ಮೂಲ ಕಣ್ಣಿಗೇ ಬಿತ್ತು. ಮೇಲಿನ ಒಂದು ಗೇಣಿನಲ್ಲಿ ಪ್ಲಾಸ್ಟರಿನ ಚಕ್ಕೆಗಳು. ಅದರ ಕೆಳಗೆ ಗಾರೆಯವರು ಬಾಂಡ್ಲಿ ತೊಳೆದು ಚೆಲ್ಲಿದ ಸಿಮೆಂಟು ಬೂದುಬಣ್ಣದ ಹಲಗೆಯಂತೆ ಗಟ್ಟಿಯಾಗಿತ್ತು. ಮಣ್ಣಿನ ಮೇಲೆ ಚೆಲುವಿಗೆಂದು ಹರಡಿದ್ದ ಬಿಳಿಕಲ್ಲಿನ ಚೂರು ಮಾರ್ಬಲ್, ಅಂದರೆ ಅಪ್ಪಟ ಸುಣ್ಣದ ಕಾರ್ಬೊನೇಟು. ಒಂದು ಚೂರಿನ ಮೇಲೆ ಆಸಿಡ್ ಹನಿ ಬಿಟ್ಟರೆ ಗುಳ್ಳೆಗಳು ನಿಲ್ಲುವುದೇ ಇಲ್ಲ. ಅದರ ನಡುವೆ ಮೊಟ್ಟೆಯ ಚಿಪ್ಪು, ಒಲೆಯ ಬೂದಿ. ಗಿಡ ಸೊರಗಿತೆಂದು ಪ್ರೀತಿಯಿಂದ ಹಾಕಿದವು, ಎರಡೂ ಕ್ಷಾರವನ್ನೇ ಏರಿಸುವಂಥವು. 1.6 ಘನ ಮೀಟರ್ ಮಣ್ಣು ಪೂರ್ತಿ ಹೊರಗೆ.

ಕಟ್ಟಿದ್ದು

ಗೋಡೆಯ ಬದಿಗೆ 250 ಮೈಕ್ರಾನ್ ಕಪ್ಪು ಪಾಲಿಥೀನ್ ಹಾಳೆ, 6.5 ಮೀಟರ್ ಉದ್ದ, 75 ಸೆಂ.ಮೀ. ಎತ್ತರ. ಗುಂಡಿಯ ತಳದಿಂದ ಮಣ್ಣಿನ ಮಟ್ಟಕ್ಕಿಂತ ಒಂದು ಗೇಣು ಮೇಲಕ್ಕೆ ಬರಬೇಕು, ಇಲ್ಲದಿದ್ದರೆ ಮಳೆ ಸಿಡಿದು ಗೋಡೆಯ ಸುಣ್ಣ ಒಳಗಿಳಿಯುತ್ತದೆ. ಮೇಲಂಚನ್ನು ಅಲ್ಯೂಮಿನಿಯಂ ಪಟ್ಟಿ ಇಟ್ಟು ಸ್ಕ್ರೂ ಬಿಗಿದದ್ದಾಯಿತು. ತಳಕ್ಕೆ ಹಾಳೆ ಹಾಸಬಾರದು, ನೀರು ಬಸಿಯಲೇಬೇಕು. ತಳದ ಮಣ್ಣನ್ನು ಪಿಕಾಸಿಯಿಂದ ಸಡಿಲಿಸಿ ಬುರುಗು ಪರೀಕ್ಷೆ ಮಾಡಿದಾಗ ಉಕ್ಕಲಿಲ್ಲ, ಹಾಗಾಗಿ ಜಲ್ಲಿ ಹಾಕಲಿಲ್ಲ. ಉಕ್ಕಿದ್ದರೆ 7 ಸೆಂ.ಮೀ. ಗ್ರಾನೈಟ್ ಜಲ್ಲಿ ಬೇಕಾಗುತ್ತಿತ್ತು, ಕೆಳಗಿನ ಸುಣ್ಣದ ನೀರು ಮೇಲೇರದಂತೆ ತಡೆಯಲು.

ಮುಂಬದಿಯ ಅಂಚಿಗೆ ಸೈಜುಗಲ್ಲು, ಗಾರೆ ಇಲ್ಲದೆ ಒಣಜೋಡಣೆ. ಕಲಬುರಗಿ ಕಡೆಯವರು ಇಲ್ಲಿ ಎಚ್ಚರವಾಗಿರಬೇಕು: ಶಹಾಬಾದ್ ಕಲ್ಲು ಸುಣ್ಣದ ಕಲ್ಲೇ, ಅದನ್ನು ಅಂಚಿಗಿಟ್ಟರೆ ಪಟ್ಟ ಶ್ರಮವೆಲ್ಲ ನೀರುಪಾಲು.

ಮಿಶ್ರಣ 20 ಲೀಟರ್ ಬಕೆಟ್ ಲೆಕ್ಕದಲ್ಲಿ: ಸೈಟಿನದೇ ಕೆಮ್ಮಣ್ಣು 35, ಕೊಕೊಪೀಟ್ 22, ಎರಡು ವರ್ಷ ಕೊಳೆತ ತರಗೆಲೆ ಗೊಬ್ಬರ 20, ದಪ್ಪ ಮರಳು 13. ಒಟ್ಟು 90 ಬಕೆಟ್. ಕುಸಿದ ಮೇಲೆ ಗುಂಡಿಗೆ ಸರಿಹೋಗುತ್ತದೆ. 5 ಕೆಜಿಯ ಕೊಕೊಪೀಟ್ ಇಟ್ಟಿಗೆ ನೆನೆದು 70 ಲೀಟರ್ ಆಸುಪಾಸು ಉಬ್ಬುತ್ತದೆ, ಆರೂವರೆ ಇಟ್ಟಿಗೆ ಸಾಕು. ಅದನ್ನು ನೆನೆಸಿ ಹಿಂಡಿ ಎರಡು ಮೂರು ನೀರಿನಲ್ಲಿ ತೊಳೆಯದಿದ್ದರೆ ಉಪ್ಪು ಉಳಿದು ಎಲೆಯ ಅಂಚು ಸುಡುತ್ತದೆ. ಮರಳಿಗೂ ಆಸಿಡ್ ಹನಿ ಬಿಟ್ಟು ನೋಡಿ, ಕಡಲ ಕಡೆಯದಾದರೆ ಚಿಪ್ಪಿನ ಪುಡಿ ಇರುತ್ತದೆ. ಎರೆಗೊಬ್ಬರ ಹಾಕಲಿಲ್ಲ, ಅದರ ಪಿಎಚ್ ಹಲವು ಸಲ 7ನ್ನು ದಾಟಿರುತ್ತದೆ. ಸುಟ್ಟ ಭತ್ತದ ಹೊಟ್ಟು, ಮೂಳೆಪುಡಿ ಎರಡೂ ಈ ಪಾತಿಗೆ ನಿಷಿದ್ಧ.

ಗಂಧಕದ ಪುಡಿ 100 ಲೀಟರ್ ಮಿಶ್ರಣಕ್ಕೆ 40 ಗ್ರಾಂ, ಒಟ್ಟು 650 ಗ್ರಾಂ. ಇದು 6.4ರಿಂದ 5.5ಕ್ಕೆ ಇಳಿಸುವ ಪ್ರಮಾಣ. ಬುಡಕ್ಕೆ ಚೆಲ್ಲಿದರೆ ಸಾಲದು, ಮಣ್ಣಿಗೆ ಹಾಕುವಾಗಲೇ ಪದರ ಪದರವಾಗಿ ಬೆರೆಸಬೇಕು. ಗಂಧಕ ತಾನಾಗಿ ಹುಳಿಯಲ್ಲ. ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ಸಲ್ಫ್ಯೂರಿಕ್ ಆಮ್ಲ ಮಾಡಬೇಕು. ಅದಕ್ಕೆ ತೇವ, ಬಿಸುಪು, ಗಾಳಿ, ಮತ್ತು ಆರರಿಂದ ಎಂಟು ವಾರ ಬೇಕು. ನೀರು ನಿಂತರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಆಗ ಬೇರೂ ಸಾಯುತ್ತದೆ. ಬೆಳೆದು ನಿಂತ ಗಿಡಗಳ ನಡುವೆ ಹಾಕುವುದಾದರೆ ಒಂದು ಸಲಕ್ಕೆ ಚದರ ಮೀಟರಿಗೆ 100 ಗ್ರಾಂ ಮೀರಬೇಡಿ. ಬೇಗ ಆಗಲೆಂದು ಪಟಿಕ ಹಾಕುವವರಿದ್ದಾರೆ; ಅದರ ಅಲ್ಯೂಮಿನಿಯಂ ಹೆಚ್ಚಾದರೆ ಬೇರಿಗೆ ವಿಷ, ಹೈಡ್ರೇಂಜಿಯಾ ಹೂ ನೀಲಿಯಾಗಿಸುವುದಕ್ಕಷ್ಟೇ ಅದನ್ನು ಮೀಸಲಿಡುವುದು ಒಳ್ಳೆಯದು.

ಗಿಡಗಳ ನಡುವೆ 50 ಸೆಂ.ಮೀ. ಅಂತರ, ಹಳೆಯ ಮಣ್ಣಿನ ಗುರುತಿಗಿಂತ ಒಂದೆರಡು ಬೆರಳು ಎತ್ತರಕ್ಕೆ ಕೂರಿಸಿ, ಮೇಲೆ ಗಾಳಿಮರದ ಕಡ್ಡಿಯೆಲೆ 5 ಸೆಂ.ಮೀ. ಹೊದಿಕೆ, ಕಾಂಡಕ್ಕೆ ತಾಗದಂತೆ.

ಹಸಿರು ಬರುವ ತನಕ

ಗಂಧಕ ಕೆಲಸಕ್ಕೆ ಇಳಿಯುವ ತನಕ ಗಿಡ ಕಾಯಬೇಕಲ್ಲ, ಅಷ್ಟು ದಿನಕ್ಕೆ ಮಾತ್ರ ಕಬ್ಬಿಣ. ಎಲೆಗೆ ಅನ್ನಭೇದಿ (ಫೆರಸ್ ಸಲ್ಫೇಟ್) ಲೀಟರಿಗೆ 5 ಗ್ರಾಂ, ನಿಂಬೆ ಉಪ್ಪು 1 ಗ್ರಾಂ. ಮಳೆನೀರಿಗೆ ಮೊದಲು ನಿಂಬೆ ಉಪ್ಪು, ಅದು ಕರಗಿದ ಮೇಲೆ ಅನ್ನಭೇದಿ. ತಿಳಿಹಸಿರು ಹರಳೇ ಬೇಕು, ಕಂದುಹಳದಿ ಪುಡಿಯಾದದ್ದು ತುಕ್ಕು ಹಿಡಿದಿದೆ. ಬೋರ್ ನೀರಿನಲ್ಲಿ ಕಲಸಿದರೆ ಕಣ್ಣೆದುರೇ ಕಂದುಬಣ್ಣಕ್ಕೆ ತಿರುಗುತ್ತದೆ. ಸಂಜೆ, ಎಲೆಯ ಅಡಿಭಾಗಕ್ಕೂ ತಾಗುವಂತೆ, ಹತ್ತು ದಿನಕ್ಕೊಮ್ಮೆ, ಮೂರು ಸಲ. ಟೈಲ್ಸ್ ಮೇಲೆ ಬಿದ್ದರೆ ಕಲೆ ಹೋಗದು, ಹಳೆ ಬಟ್ಟೆ ಹಾಸಿ. ಇದೇ ಅನ್ನಭೇದಿಯನ್ನು ಸುಣ್ಣದ ಮಣ್ಣಿಗೆ ಸುರಿದರೆ ದಂಡ.

ಮಣ್ಣಿಗೆ ಕೊಡುವುದಾದರೆ ಚೀಲೇಟೆಡ್ ಕಬ್ಬಿಣ, ಅಂದರೆ ಬೇರೊಂದು ಅಣು ಹಿಡಿದಿಟ್ಟು ಕರಗಿದ ರೂಪದಲ್ಲೇ ಉಳಿಸುವ ಕಬ್ಬಿಣ, ಅದರಲ್ಲೂ ಆ ಅಣುವಿನ ಹೆಸರು ನೋಡಿ ಕೊಳ್ಳಬೇಕು. ಇಡಿಟಿಎ ಪಿಎಚ್ 6.5ರ ಆಚೆ ಬಿಟ್ಟುಕೊಡುತ್ತದೆ, ಡಿಟಿಪಿಎ 7.5ರ ಹತ್ತಿರ. ಇಡಿಡಿಎಚ್‌ಎ ಮಾತ್ರ 8 ದಾಟಿದರೂ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೆಲೆ ಹೆಚ್ಚು, ಆದರೂ ಗೋಡೆ ಬುಡದ ಗಿಡಕ್ಕೆ ಅದೇ ತಕ್ಕುದು. ಪೊಟ್ಟಣದ ಮೇಲೆ ಶೇ. 6 ಕಬ್ಬಿಣ ಎಂದಿರುವುದರ ಜೊತೆ ಆರ್ಥೋ-ಆರ್ಥೋ (ಕಬ್ಬಿಣವನ್ನು ಗಟ್ಟಿಯಾಗಿ ಹಿಡಿದಿಡುವ ರೂಪ) ಎಷ್ಟೆಂದೂ ನೋಡಿ, ಶೇ. 4.8 ಇದ್ದರೆ ಒಳ್ಳೆಯದು. ಗಿಡಕ್ಕೆ 5 ಗ್ರಾಂ, 5 ಲೀಟರ್ ನೀರಿನಲ್ಲಿ. ದ್ರಾವಣ ಗಾಢ ಕೆಂಪಗಿರುತ್ತದೆ. ಬಿಸಿಲು ತಾಗಿದರೆ ಕೆಡುವುದರಿಂದ ಹೊದಿಕೆ ಸರಿಸಿ ಸುರಿದು ಮತ್ತೆ ಮುಚ್ಚಬೇಕು.

ಎರಡು ಮೂರು ವಾರದಲ್ಲಿ ಹೊಸ ಚಿಗುರು ಹಸಿರಾಗಿ ಬಂತು. ಹಳದಿಯಾಗಿದ್ದ ಎಲೆ ಅರೆಬರೆ ತಿರುಗಿತು. ಬಿಳಿಚಿದವು ತಿರುಗುವುದಿಲ್ಲ, ಉದುರಲಿ. ಗೇಟಿನ ಕಡೆಯ ಗಂಧರಾಜ ಮಾತ್ರ ಹಾಗೇ ಇತ್ತು. ಅದರ ಬುಡದ ಮಣ್ಣು ತೆಗೆದು ನೋಡಿದರೆ 7.6. ಕಾರಣ ಗೇಟಿನ ಕಂಬ: ಹಾಳೆ ಗೋಡೆಯ ಉದ್ದಕ್ಕೆ ಇತ್ತು, ಕಂಬದ ಬದಿಗೆ ತಿರುಗಿರಲಿಲ್ಲ, ಹೊಸ ಪ್ಲಾಸ್ಟರಿನಿಂದ ಮಳೆನೀರು ನೇರ ಬೇರಿಗೆ ಇಳಿಯುತ್ತಿತ್ತು. ಕಂಬದ ಸುತ್ತ 40 ಸೆಂ.ಮೀ. ಅಗಲದ ಹಾಳೆಯನ್ನು ತಿರುಗಿಸಿ, ಅಲ್ಲಿನ ಐದು ಬಕೆಟ್ ಮಣ್ಣು ಬದಲಿಸಿದ ಮೇಲೆ ಅದೂ ಚಿಗುರಿತು.

ಗೊಬ್ಬರ ಅಮೋನಿಯಂ ಸಲ್ಫೇಟ್, ಗಿಡಕ್ಕೆ ತಿಂಗಳಿಗೆ 10 ಗ್ರಾಂ, 5 ಲೀಟರ್ ನೀರಿನಲ್ಲಿ ಕರಗಿಸಿ. ಇದು ಹುಳಿ ಮಾಡುವ ಗೊಬ್ಬರ ಹೌದು, ಆದರೆ 10 ಗ್ರಾಂ ತಿನ್ನುವುದು 11 ಗ್ರಾಂ ಸುಣ್ಣವನ್ನಷ್ಟೇ; ಹದಗೊಳಿಸದ ಬೋರ್ ನೀರು ತಿಂಗಳಿಗೆ ತರುವುದು 36 ಗ್ರಾಂ. ಗೊಬ್ಬರದ ಮೇಲೆ ಭಾರ ಹಾಕಿ ಡ್ರಮ್ ಮರೆತರೆ ಲೆಕ್ಕ ತಪ್ಪುತ್ತದೆ. ಕ್ಯಾಲ್ಸಿಯಂ ನೈಟ್ರೇಟ್, ಸಿಎಎನ್ (ಕ್ಯಾಲ್ಸಿಯಂ ಅಮೋನಿಯಂ ನೈಟ್ರೇಟ್) ಬೇಡ. ರಂಜಕದ ಗೊಬ್ಬರ ಹೆಚ್ಚಾದರೂ ಕಬ್ಬಿಣ ಕಟ್ಟಿಹಾಕಿಕೊಳ್ಳುತ್ತದೆ, ಡಿಎಪಿಯನ್ನು ದೂರವಿಡಿ.

ಆಮ್ಲ ಹಾಕಿದ ನೀರಿನಲ್ಲಿ ಬೈಕಾರ್ಬೊನೇಟು ಇಳಿದರೂ ಉಪ್ಪು ಇಳಿದಿರುವುದಿಲ್ಲ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಗಿಡಕ್ಕೆ 15 ಲೀಟರಿನಂತೆ ನಿಧಾನವಾಗಿ ಬಿಟ್ಟು ಕೆಳಕ್ಕೆ ತೊಳೆಯಬೇಕು. ಮಳೆಗಾಲದ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಪಾತಿಯ ಮೂರು ಕಡೆಯಿಂದ 15 ಸೆಂ.ಮೀ. ಆಳದ ಮಣ್ಣು ತೆಗೆದು ಪಿಎಚ್ ಅಳೆಯಿರಿ. 6.2 ಮೀರಿದರೆ ಚದರ ಮೀಟರಿಗೆ 50 ಗ್ರಾಂ ಗಂಧಕ ಹೊದಿಕೆಯಡಿ ಕೆದಕಿ ಸೇರಿಸಿ. 5ಕ್ಕಿಂತ ಇಳಿದರೆ ಏನೂ ಹಾಕದೆ ಒಂದೆರಡು ವಾರ ಆಮ್ಲ ಬೆರೆಸದ ಬೋರ್ ನೀರು ಬಿಡಿ, ತಾನಾಗಿ ಏರುತ್ತದೆ. ಗೋಡೆಗೆ ಮುಂದಿನ ಸಲ ಸುಣ್ಣ ಬಳಿಯುವಾಗ ಪಾತಿಯ ಮೇಲೆ ಟಾರ್ಪಾಲಿನ್ ಹಾಸಲು ಪೇಂಟರಿಗೆ ಮೊದಲೇ ಹೇಳಿಡಿ, ಬ್ರಷ್ಷು ಬಕೆಟ್ಟು ತೊಳೆಯುವ ಜಾಗವನ್ನೂ ಬೇರೆ ತೋರಿಸಿ.